ಹಿಟ್ಟಿನ ಕೋಳಿ ಕೂಗಿದಾಗ: ಇತ್ತೀಚಿನ ಕೆಲವು ಚಲನಚಿತ್ರಗಳನ್ನು ನೋಡಿದ ಬಳಿಕ

2022ನೆಯ ಇಸವಿಯ ಏಪ್ರಿಲ್ 14 ಗುರುವಾರ ಮಹಾವೀರ ಜಯಂತಿ. ಅಂದು ಬೆಳಿಗ್ಗೆ ನಮ್ಮೂರಿನ ಬಸದಿಯಲ್ಲಿ ಅಭಿಷೇಕ ಮುಗಿದು, ಸ್ವಾಮಿಯನ್ನು ತೊಟ್ಟಿಲಲ್ಲಿಟ್ಟು ತೂಗಿ, ಮೆರವಣಿಗೆಯು ಪೇಟೆಬೀದಿಯನ್ನು ಸುತ್ತಿ ಬಂದಿತು. ಧ್ವಜ ಹಿಡಿದು ಮುಂದೆ ನಡೆದ ಮಕ್ಕಳಲ್ಲಿ ನನ್ನ ಮೊಮ್ಮಗನೂ ಒಬ್ಬ. ಆಗ ಅವನಿಗೆ ಹದಿಮೂರು ವರ್ಷ. ಅಹಿಂಸೆಯ ಜಯಘೋಷವನ್ನು ಗಂಟಲು ಬಿರಿಯುವಂತೆ ಕೂಗಿ ಬಂದ ಹುಡುಗ ಊಟದ ಎಲೆಯ ಮುಂದೆ ಕುಳಿತು, "ಅಜ್ಜ, ಇವತ್ತೇ 'ಕೆಜಿಎಫ್' ಎರಡನೆಯ ಭಾಗ ಬಿಡುಗಡೆ. ಸಂಜೆಯ ಆಟಕ್ಕೆ ಹೋಗೋಣವೇ?" ಎಂದು ಕೇಳಿದ.

"ಇವತ್ತು ಬೇಡ, ನಾಳೆ ಹೋಗೋಣ" ಎಂದೆ. ಒಂದು ದಿನ ಮುಂದಕ್ಕೆ ಹಾಕಿದುದರಿಂದ ನಾನು ಯಾವ ಧರ್ಮವನ್ನು ಉಳಿಸಿಕೊಂಡೆನೆಂಬುದು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ. ಈ ಬರಹಕ್ಕೆ ಆ ಅಸ್ಪಷ್ಟತೆಯೇ ಕಾರಣ.

ನಮ್ಮ ಸಮಾಜದ ಹಿರಿಯರಲ್ಲಿ ಚಲನಚಿತ್ರದ ಮಾತು ಬಂದಾಗ ಸಾಮಾನ್ಯವಾಗಿ ಎರಡು ಧೋರಣೆಗಳು ಕಂಡುಬರುತ್ತವೆ. ಸಿನಿಮಾ ಎಂದರೆ ಮಕ್ಕಳನ್ನು ಕೆಡಿಸುವ ವಸ್ತು, ಅದರ ಹೆಸರನ್ನೇ ಎತ್ತಬಾರದು ಎಂಬುದು ಒಂದು. ಅದು ಕೇವಲ ಮನರಂಜನೆ, ಮೂರು ಗಂಟೆ ನೋಡಿ ಮರೆಯುವಂಥದು, ಅದರಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲವಲ್ಲ ಎಂಬುದು ಇನ್ನೊಂದು. ಮೊದಲನೆಯ ಧೋರಣೆಯವರು ಚಿತ್ರವನ್ನು ನೋಡುವುದಿಲ್ಲ. ಎರಡನೆಯ ಧೋರಣೆಯವರು ನೋಡಿಯೂ ನೋಡುವುದಿಲ್ಲ. ಇವೆರಡರ ನಡುವೆ ಚಿತ್ರವನ್ನು ಪೂರ್ತಿಯಾಗಿ ನೋಡಿ, ಬಳಿಕ ಅದನ್ನು ಕುರಿತು ಮನೆಯಲ್ಲಿ ಕುಳಿತು ಮಾತನಾಡುವ ಮೂರನೆಯ ದಾರಿಯೊಂದು ಸಾಧ್ಯವೇ ಎಂದು ನೋಡುವುದು ಇಲ್ಲಿಯ ಉದ್ದೇಶ.

ಲೆಕ್ಕವಿಲ್ಲದ ಸಾವುಗಳು

ಪ್ರಶಾಂತ್ ನೀಲ್ ನಿರ್ದೇಶಿಸಿದ 'ಕೆಜಿಎಫ್ ಚಾಪ್ಟರ್ 2' ಕೌಶಲದ ದೃಷ್ಟಿಯಿಂದ ಸಾಮಾನ್ಯ ಚಿತ್ರವಲ್ಲ. ಮಸಿ, ಹೊಗೆ, ಬೆಂಕಿಗಳ ಬಣ್ಣದಲ್ಲೇ ಅದ್ದಿ ತೆಗೆದಂತಿರುವ ಭುವನ್ ಗೌಡರ ಛಾಯಾಗ್ರಹಣ, ಎದೆಯ ಗೂಡನ್ನು ನಡುಗಿಸುವ ರವಿ ಬಸ್ರೂರರ ಸಂಗೀತ, ಕಣ್ಣೆವೆಯಿಕ್ಕಲು ಬಿಡದ ಸಂಕಲನ ಇವೆಲ್ಲ ಸೇರಿ ಕನ್ನಡ ಚಿತ್ರವೊಂದನ್ನು ಭಾರತದ ಉದ್ದಗಲಕ್ಕೂ ಒಯ್ದವು. ಇದನ್ನು ಒಪ್ಪಿಕೊಳ್ಳದೆ ಚಿತ್ರವನ್ನು ಟೀಕಿಸುವುದು ನ್ಯಾಯವಲ್ಲ.

ಕಥೆಯ ಬೀಜ ಒಬ್ಬ ತಾಯಿಯ ಮಾತು. ಬಡತನದಲ್ಲಿ ಸಾಯುತ್ತಿರುವ ಆಕೆ, ಸಾಯುವಾಗ ಮಾತ್ರ ಶ್ರೀಮಂತನಾಗಿ, ಪ್ರಬಲನಾಗಿ ಸಾಯಬೇಕೆಂದು ಮಗನಿಂದ ಭಾಷೆ ಪಡೆಯುತ್ತಾಳೆ. ಆ ಮಾತನ್ನು ನಡೆಸಲು ಮಗ ಚಿನ್ನದ ಗಣಿಯನ್ನೇ ವಶಪಡಿಸಿಕೊಳ್ಳುತ್ತಾನೆ. ಪೊಲೀಸರ ಕೈಸೇರಿದ ಒಂದು ತುಂಡು ಚಿನ್ನಕ್ಕಾಗಿ 'ದೊಡ್ಡಮ್ಮ' ಎಂಬ ಭಾರಿ ಬಂದೂಕನ್ನು ಹೂಡಿ ಠಾಣೆಯನ್ನೇ ಪುಡಿಗಟ್ಟುತ್ತಾನೆ. ಕೆಂಪಗೆ ಕಾದ ಅದರ ನಳಿಕೆಯಿಂದ ಸಿಗರೇಟು ಹೊತ್ತಿಸಿಕೊಳ್ಳುತ್ತಾನೆ. ಚಿತ್ರಮಂದಿರದಲ್ಲಿ ಶಿಳ್ಳೆ ಮುಗಿಲು ಮುಟ್ಟಿದ್ದು ಆ ಕ್ಷಣದಲ್ಲಿ. ನನ್ನ ಪಕ್ಕದ ಆಸನದಿಂದಲೂ ಒಂದು ಶಿಳ್ಳೆ ಬಂದಿತು.

ತನಗೆ ಹಿಂಸೆ ಇಷ್ಟವಿಲ್ಲ, ಆದರೆ ಹಿಂಸೆಗೆ ತಾನೆಂದರೆ ಇಷ್ಟ ಎಂಬರ್ಥದ ಮಾತನ್ನು ನಾಯಕ ಆಡುತ್ತಾನೆ. ಚಿತ್ರದ ತಾತ್ತ್ವಿಕ ನೆಲೆ ಏನಾದರೂ ಇದ್ದರೆ ಅದು ಈ ಮಾತಿನಲ್ಲಿದೆ. ಗೃಹಸ್ಥನ ಹಿಂಸೆಯನ್ನು ನಮ್ಮ ಆಚಾರ್ಯರು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಮನೆವಾರ್ತೆಯಲ್ಲಿ, ಜೀವನೋಪಾಯದಲ್ಲಿ, ಆತ್ಮರಕ್ಷಣೆಯಲ್ಲಿ ತಪ್ಪಿಸಲಾಗದೆ ನಡೆಯುವುದು ಬೇರೆ. ಬೇಕೆಂದು ಸಂಕಲ್ಪಿಸಿ ಮಾಡುವುದು ಬೇರೆ. ಚಿತ್ರದ ನಾಯಕ ತನ್ನದು ವಿರೋಧೀ ಹಿಂಸೆ ಎಂದು ಹೇಳಿಕೊಳ್ಳುತ್ತಾನೆ. ಕ್ಯಾಮೆರಾ ತೋರಿಸುವುದು ಸಂಕಲ್ಪೀ ಹಿಂಸೆಯನ್ನು. ಬಾಯಿಯ ಮಾತಿಗೂ ಕಣ್ಣಿನ ಮಾತಿಗೂ ಇರುವ ಈ ಅಂತರವೇ ಚಿತ್ರದ ದೊಡ್ಡ ದೋಷ. ಕೊನೆಗೆ ಗಳಿಸಿದ ಚಿನ್ನದೊಡನೆ ಆತ ಕಡಲಿನ ತಳಕ್ಕಿಳಿಯುತ್ತಾನೆ. ಪರಿಗ್ರಹದ ಅಂತ್ಯ ಇದೇ ಎಂದು ಹೇಳಲು ಇದಕ್ಕಿಂತ ಮಿಗಿಲಾದ ಚಿತ್ರಿಕೆ ಇನ್ನೊಂದಿರಲಾರದು. ಆದರೆ ಸಂಗೀತ ಅಲ್ಲಿ ವಿಷಾದವನ್ನು ನುಡಿಸುವುದಿಲ್ಲ, ವಿಜಯವನ್ನು ನುಡಿಸುತ್ತದೆ. ಕಥೆ ಒಂದು ನೀತಿಯನ್ನು ಹೇಳಹೊರಟರೆ ರಾಗ ಅದನ್ನು ಅಳಿಸಿಹಾಕುತ್ತದೆ.

ಹೊರಗೆ ಬಂದ ಮೇಲೆ ಮೊಮ್ಮಗನನ್ನು ಕೇಳಿದೆ: "ಒಟ್ಟು ಎಷ್ಟು ಜನ ಸತ್ತರು?"

"ಲೆಕ್ಕ ಇಟ್ಟವರು ಯಾರು ಅಜ್ಜ? ಅವರೆಲ್ಲ ವಿಲನ್ ಕಡೆಯವರು" ಎಂದ.

ಹುಡುಗನ ತಪ್ಪೇನೂ ಇಲ್ಲ. ಆ ಚಿತ್ರದಲ್ಲಿ ಸಾಯುವವರಿಗೆ ಹೆಸರಿಲ್ಲ, ಮನೆಯಿಲ್ಲ, ಅಳುವವರಿಲ್ಲ. ಲೆಕ್ಕವಿಡದಂತೆಯೇ ಅವರನ್ನು ರೂಪಿಸಲಾಗಿದೆ.

ಒಂದೇ ಒಂದು ಸಾವು

ಎರಡು ತಿಂಗಳು ಕಳೆಯುವುದರೊಳಗೆ, ಅದೇ ವರ್ಷದ ಜೂನ್ 10ರಂದು, ಕಿರಣ್‌ರಾಜ್ ನಿರ್ದೇಶನದ '777 ಚಾರ್ಲಿ' ತೆರೆಗೆ ಬಂದಿತು. ಕಾರ್ಖಾನೆಯ ಕೆಲಸ, ಇಡ್ಲಿ, ಸಿಗರೇಟು, ಹಳೆಯ ಚಾಪ್ಲಿನ್ ಚಿತ್ರಗಳು ಇಷ್ಟರಲ್ಲೇ ತನ್ನ ಬದುಕನ್ನು ಮುಚ್ಚಿಕೊಂಡ ಧರ್ಮನೆಂಬ ಒಂಟಿ ಮನುಷ್ಯ. ಹಣಕ್ಕಾಗಿ ನಾಯಿಗಳಿಗೆ ಮರಿ ಹಾಕಿಸುವವನ ಕೈಯಿಂದ ತಪ್ಪಿಸಿಕೊಂಡು ಬಂದು ಅವನ ಬಾಗಿಲಲ್ಲಿ ನಿಂತ ಲ್ಯಾಬ್ರಡಾರ್ ನಾಯಿ. ಮೊದಲು ಅವನಿಗೆ ಅದು ಬೇಡ. ಬೇಕೆನಿಸುವ ಹೊತ್ತಿಗೆ ಅದಕ್ಕೆ ವಾಸಿಯಾಗದ ಕಾಯಿಲೆ. ಹಿಮವನ್ನು ಕಂಡರೆ ಹಿಗ್ಗುವ ಆ ಜೀವಕ್ಕೆ ಹಿಮ ತೋರಿಸಬೇಕೆಂದು ಅವನು ಕಾಶ್ಮೀರದವರೆಗೆ ಕರೆದೊಯ್ಯುತ್ತಾನೆ. ರಕ್ಷಿತ್ ಶೆಟ್ಟಿಯವರ ಅಭಿನಯ ಇಲ್ಲಿ ಮಾತಿಗಿಂತ ಮೌನದಲ್ಲಿ ಹೆಚ್ಚು ಸಫಲವಾಗಿದೆ. 69ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ತೆರಿಗೆ ವಿನಾಯಿತಿಯನ್ನೂ ನೀಡಿತ್ತು.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ದ್ವಿತೀಯಾರ್ಧ ಅತಿಯಾಗಿ ಉದ್ದವಾಗಿದೆ. ಕಣ್ಣೀರು ಬಂದಾಯಿತೆಂದು ಗೊತ್ತಾದ ಮೇಲೂ ಮತ್ತೆ ಮತ್ತೆ ಕಣ್ಣೊರೆಸಿಕೊಳ್ಳುವಂತೆ ಮಾಡುತ್ತದೆ. ಆದರೆ ಅದರ ಮುಖ್ಯ ಗುಣ ಇದು: ಒಂದು ಮೂಕಪ್ರಾಣಿಯ ಒಂದೇ ಒಂದು ಸಾವಿಗೆ ಅದು ಎರಡೂವರೆ ಗಂಟೆಗೂ ಮಿಗಿಲಾದ ಕಾಲವನ್ನು ಕೊಡುತ್ತದೆ. ಆ ಜೀವಕ್ಕೆ ಹೆಸರಿದೆ, ಇಷ್ಟಾನಿಷ್ಟಗಳಿವೆ, ನೋವಿದೆ. ನಾಯಿಯನ್ನು ಹಣ ಕೊಟ್ಟು ಕೊಳ್ಳುವ ನಮ್ಮ ಚಟವೇ ಅದರ ಕಾಯಿಲೆಗೆ ಮೂಲವೆಂಬ ಸತ್ಯವನ್ನೂ ಚಿತ್ರ ಮರೆಮಾಚುವುದಿಲ್ಲ. ಕರುಣೆಯನ್ನು ಕೇವಲ ಭಾವವಾಗಿ ಬಿಡದೆ ಕಾರಣದವರೆಗೆ ಒಯ್ದುದು ಮೆಚ್ಚತಕ್ಕ ಸಂಗತಿ.

ಏಪ್ರಿಲ್‌ನಲ್ಲಿ ಶಿಳ್ಳೆ ಹಾಕಿದ ಅದೇ ಹುಡುಗ ಜೂನ್‌ನಲ್ಲಿ ಮನೆ ತಲಪುವವರೆಗೂ ರಿಕ್ಷಾದಲ್ಲಿ ಮುಖ ತಿರುಗಿಸಿ ಕುಳಿತಿದ್ದ. ಒಬ್ಬನೇ ಮಗು, ಅದೇ ಮನಸ್ಸು, ಅದೇ ಸಂಸ್ಕಾರ. ನೂರಾರು ಮನುಷ್ಯರ ಸಾವು ಅವನನ್ನು ಮುಟ್ಟಲಿಲ್ಲ. ಒಂದು ನಾಯಿಯ ಸಾವು ಅವನ ಮಾತನ್ನು ಕಟ್ಟಿತು. ಹಾಗಾದರೆ ಚಿತ್ರದಲ್ಲಿ ಹಿಂಸೆ ಇದೆಯೇ ಇಲ್ಲವೇ ಎಂಬ ಪ್ರಶ್ನೆ ಸಾಲದು. ಸತ್ತ ಜೀವವನ್ನು ಚಿತ್ರ ಏನೆಂದು ಎಣಿಸಿದೆ ಎಂದು ಕೇಳಬೇಕು.

ಜನ್ನ ಕವಿಯ ಮಾತು

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನೆನಪಾದುದು 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'. ಕೆಟ್ಟ ಕನಸಿನ ಶಾಂತಿಗಾಗಿ ಮಾರಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರ ಒಲ್ಲೆನೆನ್ನುತ್ತಾನೆ. ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಯಿಡಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಕೂಗು ತಾಯಿಮಕ್ಕಳನ್ನು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿಸಿ, ತಾವು ಮಾಡಿದುದನ್ನು ತಾವೇ ಅನುಭವಿಸುವಂತೆ ಮಾಡುತ್ತದೆ.

ಅದು ಬರಿಯ ಹಿಟ್ಟಲ್ಲವೇ, ಯಾವ ಪ್ರಾಣ ಹೋಯಿತು ಎಂದು ಯಶೋಧರನ ಪರವಾಗಿ ಯಾರಾದರೂ ವಾದಿಸಬಹುದು. ಸಿನಿಮಾದಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲವಲ್ಲ ಎಂದು ನಾವಾಡುವ ಮಾತೂ ಅದೇ. ಇಂದು ತೆರೆಯ ಮೇಲಿನ ಕೋಳಿ ಹಿಟ್ಟಿನದೇ ಆಗಿರಬೇಕೆಂದು ಕಾನೂನೂ ಹೇಳುತ್ತದೆ: ಪ್ರಾಣಿಗಳನ್ನು ಬಳಸುವ ನಿರ್ಮಾಪಕರು 2001ರ ನಿಯಮಗಳಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆಯಬೇಕು, ಯಾವ ಪ್ರಾಣಿಗೂ ನೋವಾಗಿಲ್ಲವೆಂಬ ಬರಹ ಆರಂಭದಲ್ಲೇ ಮೂಡುತ್ತದೆ. ದ್ರವ್ಯಹಿಂಸೆಗೆ ಹೀಗೆ ಕಾವಲುಗಾರರಿದ್ದಾರೆ. ಭಾವಹಿಂಸೆಗೆ ಕಾವಲುಗಾರನಿಲ್ಲ. ಕೋಳಿ ಹಿಟ್ಟಿನದಾಗಿದ್ದರೂ ಅದನ್ನು ಕಡಿಯುವಾಗ ಉಂಟಾದ ಮನಸ್ಸು ಹಿಟ್ಟಿನದಲ್ಲ ಎಂಬುದೇ ಜನ್ನನ ಅಭಿಪ್ರಾಯ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಪ್ರೇಕ್ಷಕನ ಪಾಲಿಗೆ ಬರುವುದು ಮೂರನೆಯದು. ಅದಕ್ಕೆ ಬೇಕಾದುದು ಎರಡು ಕೈಗಳು ಮತ್ತು ಒಂದು ಶಿಳ್ಳೆ ಮಾತ್ರ.

ಆದರೆ ಆತುರದಿಂದ ಇಲ್ಲಿಗೇ ನಿಲ್ಲಬಾರದು. ಇದೇ ಕಾವ್ಯದಲ್ಲಿ ಈ ಕಥೆಯನ್ನು ಹೇಳುವವರು ಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರು. ಕೇಳುವವನು ಅವರನ್ನು ಕಡಿಯಲು ಸಿದ್ಧನಾಗಿ ನಿಂತ ದೊರೆ ಮಾರಿದತ್ತ. ಕಥೆ ಮುಗಿಯುವ ಹೊತ್ತಿಗೆ ಅವನು ಹಿಂಸೆಯನ್ನೇ ತೊರೆಯುತ್ತಾನೆ. ಕಥೆಗೆ ಕೆಡಿಸುವ ಬಲ ಇರುವಂತೆ ಕತ್ತಿಯನ್ನು ಕೆಳಗಿಡಿಸುವ ಬಲವೂ ಇದೆ ಎಂದಾಯಿತು. ಹಿಂಸೆ ಜನ್ನನ ಕಾವ್ಯದಲ್ಲೂ ಇದೆ, ತುಂಬಾ ಇದೆ. ಆದರೆ ಕವಿ ಕಡಿದವನ ಗೆಲುವಿನೊಡನೆ ಹೋಗದೆ ಕಡಿಸಿಕೊಂಡ ಜೀವದ ಸಂಕಟದೊಡನೆ ಹೋಗುತ್ತಾನೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ರೌದ್ರಧ್ಯಾನವನ್ನು ಹೇಳುವಾಗ ಹಿಂಸೆಯನ್ನೂ ಪರಿಗ್ರಹದ ರಕ್ಷಣೆಯನ್ನೂ ಅದರ ನೆಲೆಗಳೆಂದು ಎಣಿಸುತ್ತದೆ. ಟೀಕಾಕಾರರು ಇವನ್ನು ಹಿಂಸಾನಂದ, ಪರಿಗ್ರಹಾನಂದ ಎಂದು ಕರೆದಿದ್ದಾರೆ. ಅಲ್ಲಿ ಒತ್ತು ಬಿದ್ದಿರುವುದು 'ಆನಂದ' ಎಂಬ ಪದದ ಮೇಲೆ. ಒಂದು ಚಿತ್ರ ತನ್ನ ಆನಂದವನ್ನು ಎಲ್ಲಿ ಇರಿಸಿದೆ ಎಂಬುದೇ ಅದನ್ನು ಅಳೆಯುವ ಅಳತೆಗೋಲು.

ನನ್ನ ಎರಡು ಕೈಗಳು

ಈ ಅಳತೆಗೋಲನ್ನು ಹಿಡಿದು ಹೊರಟ ನಾನೇ ಎಡವಿದ ಪ್ರಸಂಗವನ್ನು ಹೇಳದಿದ್ದರೆ ಬರಹ ಅಪ್ರಾಮಾಣಿಕವಾದೀತು. 2022ರ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟಿಯವರ 'ಕಾಂತಾರ' ಬಿಡುಗಡೆಯಾಯಿತು. ತುಳುನಾಡಿನ ಜೈನ ಮನೆತನಗಳಿಗೆ ದೈವಾರಾಧನೆ ಹೊರಗಿನದಲ್ಲ. ಧರ್ಮಸ್ಥಳದ ಐತಿಹ್ಯದಲ್ಲಿ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ದಂಪತಿಗಳು ಧರ್ಮದೈವಗಳಿಗಾಗಿ ತಾವಿದ್ದ ನೆಲ್ಯಾಡಿ ಬೀಡನ್ನೇ ಬಿಟ್ಟುಕೊಟ್ಟರೆಂದಿದೆ. 'ಕಾಂತಾರ'ದ ಕಥೆ ಆ ಐತಿಹ್ಯವನ್ನು ಮಗುಚಿ ಹಾಕಿದಂತಿದೆ. 1847ರಲ್ಲಿ ಅರಸನೊಬ್ಬ ಮನಶ್ಶಾಂತಿಗಾಗಿ ಕಾಡಿನ ಜನರಿಗೆ ಭೂಮಿಯನ್ನು ಬಿಟ್ಟುಕೊಡುತ್ತಾನೆ. ತಲೆಮಾರುಗಳ ಬಳಿಕ ಅವನ ವಂಶಸ್ಥರು ಅದನ್ನು ಮರಳಿ ಕೇಳುತ್ತಾರೆ. ಕೊಟ್ಟುದನ್ನು ಮರಳಿ ಬಯಸುವ ಲೋಭವೇ ಚಿತ್ರದ ನಿಜವಾದ ಖಳ.

ಕೊನೆಯಲ್ಲಿ ನಾಯಕನ ಮೈಮೇಲೆ ಗುಳಿಗ ಬಂದು ಧಣಿಯನ್ನೂ ಅವನ ಆಳುಗಳನ್ನೂ ಸಂಹರಿಸುತ್ತಾನೆ. ರಿಷಬ್ ಶೆಟ್ಟಿಯವರ ದೇಹ ಅಲ್ಲಿ ನಟನ ದೇಹವಾಗಿ ಉಳಿದಿರಲಿಲ್ಲ. 70ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅವರು ಅತ್ಯುತ್ತಮ ನಟರೆನಿಸಿದುದು ಉಚಿತವೇ. ಧಣಿ ಬಿದ್ದಾಗ ಮಂದಿರವೇ ಎದ್ದು ನಿಂತಿತು. ಆ ಗದ್ದಲದ ನಡುವೆ ನನಗೆ ಅರಿವಾಯಿತು: ನನ್ನ ಎರಡು ಕೈಗಳೂ ಚಪ್ಪಾಳೆ ತಟ್ಟುತ್ತಿದ್ದವು. ಪಕ್ಕದಲ್ಲಿ ಮೊಮ್ಮಗ ನನ್ನನ್ನೇ ನೋಡುತ್ತಿದ್ದ.

ದಲಿತನೂ ದುರ್ಬಲನೂ ಆದವನಿಗೆ ಕಚೇರಿಯಲ್ಲಿ ನ್ಯಾಯ ಸಿಗದಿದ್ದಾಗ ದೈವದ ಮುಂದೆ ಸಿಗಲಿ ಎಂಬ ಹಂಬಲ ಸುಳ್ಳಲ್ಲ. ಶತಮಾನಗಳಿಂದ ಕೋಲದ ಅಂಗಳದಲ್ಲಿ ಉಳ್ಳವರನ್ನು ನಿಲ್ಲಿಸಿ ಪ್ರಶ್ನಿಸುವ ಬಾಯಿ ಬಡವನಿಗೆ ದೊರೆತದ್ದು ಹಾಗೆಯೇ. ಆದುದರಿಂದ ಆ ಸಂಹಾರವನ್ನು 'ಕೆಜಿಎಫ್'ನ ಬಂದೂಕಿನೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಆದರೆ ಚಿತ್ರ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಸಂಹಾರದ ಬಳಿಕ ಪಂಜುರ್ಲಿಯು ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಒಂದುಗೂಡಿಸಿ ತನ್ನ ಎದೆಗೆ ಒತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ಪರಸ್ಪರ ಶತ್ರುಗಳೆಂದುಕೊಂಡವರು ಆ ಎರಡು ಪಕ್ಷದವರು. ಒಬ್ಬನಿಗೆ ಕಾಡು ಉಳಿಯಬೇಕು, ಇನ್ನೊಬ್ಬರಿಗೆ ಕಾಡಿನಲ್ಲಿ ಬದುಕು ಉಳಿಯಬೇಕು. ಇಬ್ಬರದೂ ಒಂದೊಂದು ನಯದಿಂದ ಸತ್ಯ. ಅನೇಕಾಂತವನ್ನು ಮಾತಿಲ್ಲದೆ ಹೇಳಿದ ಆ ದೃಶ್ಯಕ್ಕೆ ಮಂದಿರದಲ್ಲಿ ಮೌನವಿತ್ತು. ಚಪ್ಪಾಳೆ ಆಗಲೇ ಖರ್ಚಾಗಿ ಹೋಗಿತ್ತು. ದೋಷ ಚಿತ್ರದ್ದಷ್ಟೇ ಅಲ್ಲ, ನಮ್ಮ ಕೈಗಳದ್ದೂ ಹೌದು.

ನಗೆಯ ನಡುವೆ ಒಂದು ಸುಳ್ಳು

2025ರ ಜುಲೈ 25ರಂದು ತೆರೆಕಂಡ ಜೆ. ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ಬೇರೆಯೇ ಹದದ ಚಿತ್ರ. ಕರಾವಳಿಯ ಹಳ್ಳಿಯ ಯುವಕ ಅಶೋಕ ಸ್ನಾನದ ಮನೆಯತ್ತ ಇಣುಕಿ ಸಿಕ್ಕಿಬೀಳುತ್ತಾನೆ. ಮಾನ ಉಳಿಸಿಕೊಳ್ಳಲು ಮೈಮೇಲೆ ಪ್ರೇತ ಬಂದವನಂತೆ ನಟಿಸುತ್ತಾನೆ. ಊರು ಅದಕ್ಕೆ ಸೋಮೇಶ್ವರದ ಸುಲೋಚನಾ ಎಂಬ ಹೆಸರನ್ನೂ ಕೊಡುತ್ತದೆ. ಅನಂತರ ಸುಳ್ಳು ಅವನ ಕೈಯಲ್ಲಿ ಉಳಿಯುವುದಿಲ್ಲ. ಊರಿನ ಬಾಯಿಗಳಲ್ಲಿ ಬೆಳೆದು ಅವನನ್ನೇ ನುಂಗಲು ಬರುತ್ತದೆ. ದೊಡ್ಡ ತಾರೆಯರ ಹಂಗಿಲ್ಲದೆ, ಅಬ್ಬರವಿಲ್ಲದೆ, ಕುಟುಂಬಗಳನ್ನು ಒಟ್ಟಿಗೆ ಕೂರಿಸಿ ನಗಿಸಿದ ಚಿತ್ರವಿದು.

ನಗೆಯ ಕೆಳಗೆ ಗಂಭೀರವಾದ ಎಳೆಯೊಂದಿದೆ. ಆ ಹೆಸರಿನ ಹೆಂಗಸು ಬದುಕಿದ್ದವಳು. ಆಕೆಯ ಮಗಳು ಈಗಲೂ ಸಂಕಟದಲ್ಲಿದ್ದಾಳೆ. ಇಲ್ಲದ ಪ್ರೇತಕ್ಕೆ ಹೆದರಿದ ಊರು ಇರುವ ಮನುಷ್ಯಳ ನೋವನ್ನು ಕಂಡೇ ಇರಲಿಲ್ಲ. ಸುಳ್ಳಿನಿಂದ ಹೊರಟ ಕಥೆ ಸತ್ಯದ ಬಾಗಿಲಲ್ಲಿ ನಿಲ್ಲುವ ಈ ತಿರುವು ಪ್ರಶಂಸನೀಯ. ಆಕ್ಷೇಪವೂ ಇದೆ. ಇಡೀ ಕಥೆಗೆ ಕಾರಣವಾದ ಇಣುಕುನೋಟವನ್ನು ಚಿತ್ರ ಹುಡುಗಾಟವೆಂಬಂತೆ ತೇಲಿಸಿಬಿಟ್ಟಿದೆ. ನೋಟಕ್ಕೆ ಗುರಿಯಾದ ಹೆಣ್ಣಿಗೆ ಹೇಳಲು ಏನಾದರೂ ಇತ್ತೇ ಎಂದು ಕೇಳಿಲ್ಲ. ಕುಡಿತವನ್ನು ನಗೆಯ ಸಾಮಗ್ರಿಯಾಗಿ ಪದೇ ಪದೇ ಬಳಸಿರುವುದೂ ಹಿತವೆನಿಸದು. ಮನೆಯ ಹೆಣ್ಣುಮಕ್ಕಳು ಗಂಡುಮಕ್ಕಳು ಕೂಡಿ ಈ ಚಿತ್ರ ನೋಡಿದರೆ, ಮೊದಲ ಪ್ರಶ್ನೆಯನ್ನು ಗಂಡುಮಕ್ಕಳಿಗೆ ಕೇಳುವುದು ಒಳಿತು.

ಮನೆಗೂ ಬಸದಿಗೂ ಒಂದೆರಡು ಮಾತು

ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ದುಃಶ್ರುತಿಯನ್ನೂ ಸೇರಿಸಿದ್ದಾರೆ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ಎಂದು ಅದರ ಅರ್ಥ. ಕೇಳುವಿಕೆಯನ್ನೂ ಒಂದು ಕ್ರಿಯೆಯೆಂದು ಎಣಿಸಿದ ಆ ದೃಷ್ಟಿ ಸೂಕ್ಷ್ಮವಾದುದು. ಆದರೆ ಕದ ಮುಚ್ಚಿ ದುಃಶ್ರುತಿಯನ್ನು ತಡೆಯುವ ಕಾಲ ಇದಲ್ಲ. ಚಿತ್ರಮಂದಿರ ಬೇಡವೆಂದರೆ ಅದೇ ಚಿತ್ರ ಕೆಲವು ವಾರಗಳಲ್ಲಿ ಹುಡುಗನ ಕೈಯಲ್ಲಿರುವ ಮೊಬೈಲಿಗೆ ಬರುತ್ತದೆ. ಆಗ ಪಕ್ಕದಲ್ಲಿ ಅಜ್ಜನೂ ಇರುವುದಿಲ್ಲ.

ಪೋಷಕರು ತಿಳಿದಿರಬೇಕಾದ ಒಂದು ಸಂಗತಿಯಿದೆ. 2023ರ ಕಾಯಿದೆ ತಿದ್ದುಪಡಿಯ ಬಳಿಕ 'ಯುಎ' ಪ್ರಮಾಣಪತ್ರವನ್ನು 7+, 13+, 16+ ಎಂದು ಮೂರಾಗಿ ವಿಂಗಡಿಸಲಾಗಿದೆ. 'ಎ' ಪ್ರಮಾಣಪತ್ರದ ಚಿತ್ರಕ್ಕೆ ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ಆದರೆ ಈ ಮೂರು ಅಂಕೆಗಳು ತಂದೆತಾಯಿಗಳಿಗೆ ನೀಡಿದ ಸೂಚನೆ ಮಾತ್ರ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ತೀರ್ಮಾನವನ್ನು ಸರ್ಕಾರ ಮನೆಗೇ ಬಿಟ್ಟಿದೆ. ನಮ್ಮಲ್ಲಿ ಎಷ್ಟು ಮಂದಿ ಟಿಕೆಟು ಕೊಳ್ಳುವ ಮುನ್ನ ಆ ಅಂಕೆಯನ್ನು ನೋಡುತ್ತೇವೆ?

ಬಸದಿಗಳ ಆಡಳಿತ ಮಂಡಳಿಗಳಿಗೆ ಒಂದು ವಿನಂತಿ. ದಶಲಕ್ಷಣ ಪರ್ವದ ದಿನಗಳಲ್ಲಿಯೋ ಬೇಸಿಗೆಯ ಸಂಸ್ಕಾರ ಶಿಬಿರಗಳಲ್ಲಿಯೋ ಮಕ್ಕಳಿಗೆ ಸಿನಿಮಾ ನೋಡಬೇಡಿರೆಂದು ಉಪದೇಶಿಸುವ ಬದಲು, ಅವರು ಆಗಲೇ ನೋಡಿರುವ ಒಂದು ಚಿತ್ರವನ್ನು ಕುರಿತು ಒಂದು ಗಂಟೆ ಮಾತನಾಡಲು ಬಿಡಿ. ಮೂರು ಪ್ರಶ್ನೆಗಳು ಸಾಕು. ಸತ್ತವರಲ್ಲಿ ಎಷ್ಟು ಮಂದಿಗೆ ಹೆಸರಿತ್ತು? ಚಪ್ಪಾಳೆ ಎಲ್ಲಿ ಬಿದ್ದಿತು? ಮೌನ ಎಲ್ಲಿ ಬಿದ್ದಿತು? ಹಿರಿಯರೂ ಅಲ್ಲಿ ಕುಳಿತು ತಮ್ಮ ಉತ್ತರವನ್ನು ಹೇಳಬೇಕು. ಪ್ರಶ್ನಿಸಲು ಮಾತ್ರ ಕುಳಿತರೆ ಮಕ್ಕಳು ಬಾಯಿ ಬಿಡುವುದಿಲ್ಲ. 'ಕಾಂತಾರ' ನೋಡಿ ಬಂದ ರಾತ್ರಿ ನನ್ನ ಚಪ್ಪಾಳೆಯ ವಿಷಯವನ್ನು ನಾನಾಗಿ ಎತ್ತಿದ ಮೇಲೆಯೇ ಮೊಮ್ಮಗ ತನ್ನ ಶಿಳ್ಳೆಯ ಮಾತನ್ನು ಎತ್ತಿದ್ದು.

2025ರ ಅಕ್ಟೋಬರ್ 2ರಂದು 'ಕಾಂತಾರ ಚಾಪ್ಟರ್ 1' ಬಿಡುಗಡೆಯಾಯಿತು. ಶ್ರೀಮದ್ ರಾಜಚಂದ್ರರಿಂದ ಅಹಿಂಸೆಯ ಪ್ರೇರಣೆ ಪಡೆದ ಗಾಂಧೀಜಿಯವರ ಜಯಂತಿಯಂದು, ಕತ್ತಿ ಈಟಿಗಳ ಆ ಚಿತ್ರ. ಈ ಬಾರಿ ದಿನ ಮುಂದೂಡುವ ಮಾತನ್ನು ನಾನು ಆಡಲಿಲ್ಲ. ಕದಂಬರ ಕಾಲದ ವೈಭವ ಕಣ್ಣು ತುಂಬುವಂತಿತ್ತು. ಯುದ್ಧಗಳು ಹಿಂದಿನ ಚಿತ್ರಕ್ಕಿಂತ ಹೆಚ್ಚಾಗಿದ್ದವು. ಮರಳುವ ದಾರಿಯಲ್ಲಿ, ಈಗ ನನಗಿಂತ ಎತ್ತರವಾಗಿರುವ ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಎಣಿಸಲು ನೋಡಿದೆ ಅಜ್ಜ. ನಲವತ್ತರ ಮೇಲೆ ಲೆಕ್ಕ ತಪ್ಪಿತು."

ಲೆಕ್ಕ ತಪ್ಪಿದರೂ ಚಿಂತೆಯಿಲ್ಲ. ಅವನು ಎಣಿಸಲು ತೊಡಗಿದ್ದಾನೆ.